ನೂಡಲ್ಸ್ ಡ್ರ್ಯಾಗನ್ ಟ್ಯಾಟೂ, ಮೂರು ಸ್ಟೈಲ್ ಮಿಕ್ಸ್ ಮಾಡಿದ್ರೆ ನಡೆಯುತ್ತಾ?

ಹೊಟ್ಟೆಬಾಕ:
ಕಾಮಿಡಿ ಟ್ಯಾಟೂ ಹಾಕಿಸ್ಕೋಬೇಕು ಅಂತ ಬಹಳ ದಿನದ ಆಸೆ. ಐಡಿಯಾ ಏನಂದ್ರೆ ನೂಡಲ್ಸ್ ಬಟ್ಟಲಿಂದ ಡ್ರ್ಯಾಗನ್ ಎದ್ದು ಬರ್ತಿರುತ್ತೆ, ಅದರ ಮೀಸೆನೇ ನೂಡಲ್ಸು, ಹಿಂದೆ ಜಪಾನೀಸ್ ಸ್ಟೈಲ್ ಅಲೆ ಮೋಡ ಎಲ್ಲಾ, ಬಟ್ಟಲು ಮಾತ್ರ ಫೋಟೋ ತೆಗ್ದಂಗೆ ರಿಯಲಿಸಂ, ಮೇಲೆ ತೇಲೋ ಅರ್ಧ ಮೊಟ್ಟೆ ವಾಟರ್‌ಕಲರ್. ಆರ್ಟಿಸ್ಟ್ ನೋಡಿ "ಬೇಡ, ಕಲಸುಮೇಲೋಗರ ಆಗುತ್ತೆ" ಅಂದ್ಬಿಟ್ರು. ನಗೋಕೆ ಹಾಕಿಸ್ಕೊಳ್ಳೋ ಟ್ಯಾಟೂಗೂ ಇಷ್ಟೊಂದು ರೂಲ್ಸಾ?

ಕಪ್ಪುಗೆರೆ:
ನಗೋಕೆ ಅಂತಾನೇ ರೂಲ್ಸ್ ಬೇಕು ಗುರು. ಡ್ರ್ಯಾಗನ್ನೇ ಹಲ್ಲು ಕಿರಿದ್ರೆ ಜೋಕ್ ಅಲ್ಲೇ ಸತ್ತೋಯ್ತು, ಅದು ಹುಬ್ಬು ಗಂಟು ಹಾಕ್ಕೊಂಡು ಯುದ್ಧಕ್ಕೆ ಹೊರಟಂಗಿರ್ಬೇಕು, ಆಮೇಲೆ ನೋಡೋರಿಗೆ ಮೀಸೆ ತುದೀಲಿ ಚಾಪ್‌ಸ್ಟಿಕ್ ಕಾಣ್ಬೇಕು. ಜಪಾನಿನ ಕುನಿಯೋಶಿ ಗೊತ್ತಲ್ಲ, 1827ರ ಸುಮಾರಿಗೆ ಮೈತುಂಬ ಹಚ್ಚೆ ಇರೋ ವೀರರ ಚಿತ್ರಗಳನ್ನ ಮರದ ಅಚ್ಚಲ್ಲಿ ಪ್ರಿಂಟ್ ಮಾಡೋಕೆ ಶುರು ಮಾಡಿದ್ನಲ್ಲ ಅವ್ನು, ಇವತ್ತಿನ ಜಪಾನೀಸ್ ಟ್ಯಾಟೂ ಮೇಲೆ ಅವನ ಪ್ರಭಾವ ಬಹಳ ಇದೆ. ಅದೇ ಮನುಷ್ಯ ಮುಂದೆ ಬರೀ ಮನುಷ್ಯರ ಮೈಗಳನ್ನ ಹೆಣೆದು ಒಂದು ದೊಡ್ಡ ಮುಖ ಮಾಡಿದಾನೆ, ನೋಡಿದ್ರೆ ನಗು ತಡೆಯೋಕಾಗಲ್ಲ, ಆದ್ರೆ ಗೆರೆ ಅದೇ ಶ್ರದ್ಧೆಯ ಗೆರೆ. ಹಂಗಾಗಿ ಅಲೆ ಮೋಡ ಇಟ್ಕೋ, ಬಟ್ಟಲನ್ನೂ ಅದೇ ಗೆರೇಲಿ ಬರೆಸು.

ಸೂಜಿಮಲ್ಲಿ:
ಮೊಟ್ಟೆ ವಿಷ್ಯಕ್ಕೆ ಬರ್ತೀನಿ, ನನ್ನ ತಕರಾರು ಇರೋದೇ ಅಲ್ಲಿ. ಇಂಕ್ ನಿಲ್ಲೋದು ಚರ್ಮದ ಎರಡನೇ ಪದರದಲ್ಲಿ, ವರ್ಷ ಕಳೆದಂಗೆ ಗೆರೆ ಸ್ವಲ್ಪ ಸ್ವಲ್ಪ ಅಗಲ ಆಗ್ತಾ ಹೋಗುತ್ತೆ, ತಿಳಿ ಹಳದಿ ಬಿಳಿ ಎಲ್ಲಾ ಬಿಸಿಲಿಗೆ ಬೇಗ ಮಂಕಾಗುತ್ತೆ. ವಾಟರ್‌ಕಲರ್‌ಗೆ ಹೆಚ್ಚಾಗಿ ಔಟ್‌ಲೈನೇ ಇರಲ್ಲ, ಮೊಟ್ಟೆಯ ಹಳದಿ ಮಂಕಾದ ಮೇಲೆ ಉಳಿಯೋದು ಏನೋ ಗಾಯ ಮಾಸಿದ ಕಲೆ ತರ. ಸುತ್ತ ದಪ್ಪ ಕಪ್ಪು ಗೆರೆ ಹಾಕ್ಸಿ ಒಳಗೆ ಗಾಢ ಹಳದಿ ತುಂಬಿಸಿ, ಅಮೆರಿಕನ್ ಓಲ್ಡ್ ಸ್ಕೂಲ್ ಅನ್ನೋ ಹಳೇ ಟ್ಯಾಟೂ ಸ್ಟೈಲ್‌ನವ್ರು ಮಾಡ್ತಿದ್ದಂಗೆ. ನಾವಿಕರ ಕೈ ಮೇಲಿನ ಲಂಗರು, ಗುಬ್ಬಚ್ಚಿ ಎಲ್ಲಾ ಅಷ್ಟು ವರ್ಷ ಗುರುತು ಸಿಗ್ತಿದ್ದಿದ್ದೇ ಆ ಗೆರೆಯಿಂದ. ಜಪಾನೀಸ್‌ಗೂ ಇದಕ್ಕೂ ಚೆನ್ನಾಗಿ ಹೊಂದುತ್ತೆ, ಎರಡರಲ್ಲೂ ಔಟ್‌ಲೈನೇ ಯಜಮಾನ.

ತಿಂಡಿಪೋತಿ:
ಆರ್ಚಿಂಬೋಲ್ಡೋ ಅನ್ನೋ ಇಟಲಿ ಪೇಂಟರ್ರು ಚಕ್ರವರ್ತಿ ಎರಡನೇ ರುಡಾಲ್ಫನ ಮುಖಾನೇ ಹಣ್ಣು ತರಕಾರೀಲಿ ಬರೆದಿದ್ರು, ಮೂಗಿಗೆ ಪೇರ್ ಹಣ್ಣು 😂 ಅದು 1590ರ ಆಸುಪಾಸು. ನಿನ್ ಡ್ರ್ಯಾಗನ್ ಕಣ್ಣಿಗೇ ಆ ಅರ್ಧ ಮೊಟ್ಟೆ ಇಟ್ಬಿಡು, ಬಟ್ಟಲಲ್ಲಿ ಬೇರೆ ಮೊಟ್ಟೆ ಯಾಕೆ?

ಹೊಟ್ಟೆಬಾಕ:
ಮೊಟ್ಟೆ ಕಣ್ಣು!! ಅದೇ ಫಿಕ್ಸ್. ವಾಟರ್‌ಕಲರ್ ಕ್ಯಾನ್ಸಲ್. ರಿಯಲಿಸಂ ಬಿಡೋಕೆ ಮಾತ್ರ ಹೊಟ್ಟೆ ಉರೀತಿದೆ, ಬಟ್ಟಲಿನ ಮೇಲೆ ಒಂದು ಸಣ್ಣ ಹೊಳಪಾದ್ರೂ ಬೇಡ್ವಾ?

ಸೂಜಿಮಲ್ಲಿ:
ಹೊಳಪಿಗೆ ಬಿಳಿ ಇಂಕ್ ನಂಬಬೇಡಿ, ಆ ಜಾಗ ಖಾಲಿ ಬಿಡ್ಸಿ, ಚರ್ಮದ ಬಣ್ಣನೇ ಹೊಳಪಾಗಿ ಕಾಣುತ್ತೆ. ಮತ್ತೆ ಮೀಸೆ ಎಳೆಗಳ ಮಧ್ಯೆ ಜಾಗ ಇರ್ಲಿ, ಒತ್ತೊತ್ತಾಗಿ ಹಾಕಿದ್ರೆ ಮುಂದೆ ಎಲ್ಲಾ ಅಂಟ್ಕೊಂಡು ಮುದ್ದೆ ಆಗುತ್ತೆ.