ಮಳೆಗಾಲಕ್ಕೆ ಮೂರು ಪುಸ್ತಕ ಹೇಳಿ: ಒಂದು ಕತೆ, ಒಂದು ಚರಿತ್ರೆ, ಒಂದು ವಿಜ್ಞಾನ

ತೀರ್ಥಹಳ್ಳಿ ಕಡೆಯಿಂದ ಪ್ರಶ್ನೆ

ಮಳೆ ಹಿಡಿದಿದೆ. ಸಂಜೆಯಾದರೆ ಕರೆಂಟು ಇರಲ್ಲ, ನೆಟ್‌ವರ್ಕೂ ಅದರ ಜೊತೆಗೇ ಹೋಗುತ್ತದೆ. ಕಾಲೇಜಿನಲ್ಲಿದ್ದಾಗ ಸಿಕ್ಕಿದ್ದೆಲ್ಲ ಓದುತ್ತಿದ್ದೆ. ಆಮೇಲೆ ತೋಟ, ಮನೆ, ಮೊಬೈಲು ಅಂತ ಓದು ಬಿಟ್ಟೇ ಹೋಯ್ತು. ಈಗ ಮತ್ತೆ ಶುರು ಮಾಡಬೇಕು ಅಂತಿದ್ದೇನೆ. ಒಂದು ಕಾದಂಬರಿ, ಒಂದು ಚರಿತ್ರೆ, ಒಂದು ವಿಜ್ಞಾನ. ನೀವು ಈಚೆಗೆ ಓದಿ ಖುಷಿಪಟ್ಟಿದ್ದು ಹೇಳಿ. ಬರೀ ಹೆಸರು ಬೇಡ. ಯಾಕೆ ಹಿಡಿಸಿತು, ಎಲ್ಲಿ ಬೋರಾಯ್ತು, ಅದನ್ನೂ ಬರೆಯಿರಿ. ಇಂಗ್ಲಿಷ್ ಓದುತ್ತೇನೆ, ಆದರೆ ನಿಧಾನ.

ಸಾಗರದಿಂದ

ಮೊದಲು ಸಣ್ಣ ಪುಸ್ತಕ ಹಿಡಿಯಿರಿ. ಓದು ಬಿಟ್ಟವರು ಒಮ್ಮೆಲೇ ದಪ್ಪ ಪುಸ್ತಕ ತಗೊಂಡರೆ ಅದು ತಲೆದಿಂಬಾಗುತ್ತದೆ, ಅಷ್ಟೇ.

ನಾ. ಡಿಸೋಜ ಅವರ 'ದ್ವೀಪ' ನೋಡಿ. ಅಣೆಕಟ್ಟಿನ ನೀರು ಏರುತ್ತಿದೆ. ಊರವರು ಪರಿಹಾರ ತಗೊಂಡು ಒಬ್ಬೊಬ್ಬರೇ ಹೊರಟಿದ್ದಾರೆ. ಗಣಪಯ್ಯ, ನಾಗವೇಣಿ ಉಳಿದುಕೊಂಡಿದ್ದಾರೆ. ಸಹಾಯಕ್ಕೆ ಅಂತ ನಾಗವೇಣಿಯ ತವರಿನ ಕಡೆಯ ಕೃಷ್ಣಯ್ಯ ಬರುತ್ತಾನೆ. ಅಲ್ಲಿಂದ ಗಂಡನಿಗೆ ಅನುಮಾನ ಶುರು. ಮುಳುಗಡೆ ಬಗ್ಗೆ ಬರೆಯುವವರು ಎಕರೆ ಲೆಕ್ಕ ಹೇಳುತ್ತಾರೆ, ಪರಿಹಾರದ ಲೆಕ್ಕ ಹೇಳುತ್ತಾರೆ. ಸುತ್ತ ನೀರು ತುಂಬಿದ ಮನೆಯೊಳಗೆ ಗಂಡ ಹೆಂಡತಿಯ ನಡುವೆ ಏನಾಗುತ್ತದೆ ಅನ್ನುವುದು ಈ ಪುಸ್ತಕದಲ್ಲಿದೆ. ಡಿಸೋಜರು ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರು. ಕಟ್ಟುವವರ ಕಡೆ ಸಂಬಳ, ಮುಳುಗಿದವರ ಕಡೆ ಬರವಣಿಗೆ. ಅದಕ್ಕೇ ಅವರ ಮಾತಿಗೆ ತೂಕ ಜಾಸ್ತಿ. ಗಿರೀಶ ಕಾಸರವಳ್ಳಿಯವರ ಸಿನಿಮಾ ನೋಡಿದ್ದರೂ ಪುಸ್ತಕ ಓದಿ.

ಅದು ಹಿಡಿಸಿದರೆ ಗಜಾನನ ಶರ್ಮರ 'ಪುನರ್ವಸು'. ಶರಾವತಿಗೆ ಲಿಂಗನಮಕ್ಕಿಗಿಂತ ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟಿನ ಕಾಲದ ಕತೆ. 1964ರಲ್ಲಿ ಲಿಂಗನಮಕ್ಕಿ ಮುಗಿದ ಮೇಲೆ ಹಿರೇಭಾಸ್ಕರ ತಾನೇ ನೀರಿನ ಅಡಿಗೆ ಹೋಯ್ತು. ಬೇಸಿಗೆಯಲ್ಲಿ ಹಿನ್ನೀರು ಪೂರಾ ಇಳಿದ ವರ್ಷ ಅದರ ದುಂಡನೆಯ ಸೈಫನ್‌ಗಳು (ಹೆಚ್ಚಾದ ನೀರು ಹೊರಬಿಡಲು ಕಟ್ಟಿದ್ದು) ಸಾಲಾಗಿ ಮೇಲೆ ಕಾಣುತ್ತವೆ, ಸುತ್ತ ಒಡೆದ ಕೆಸರು. ಅದನ್ನು ಕಣ್ಣಾರೆ ನೋಡಿ ಬಂದು ಓದಿದರೆ ರುಚಿಯೇ ಬೇರೆ. ಪುಸ್ತಕ ದಪ್ಪ. ಅಣೆಕಟ್ಟಿನ ವಿವರ ಬಂದಲ್ಲೆಲ್ಲ ನನಗೆ ಖುಷಿ, ನಮ್ಮನೆಯವರಿಗೆ ಅಲ್ಲೇ ಸಾಕಾಯ್ತು. ಇದನ್ನು ಹಿನ್ನೀರು ದಾಟಿಸುವ ಸಿಗಂದೂರು ಲಾಂಚಿನಲ್ಲಿ ಕೂತು ಓದಿ ಅಂತ ಹೇಳುತ್ತಿದ್ದೆ. 2025ರಲ್ಲಿ ಸೇತುವೆ ಆಯ್ತು, ಈಗ ಆ ಭಾಗ್ಯ ಇಲ್ಲ.

ಶಿವಮೊಗ್ಗ, ದುರ್ಗಿಗುಡಿಯಿಂದ

ಯಾರಾದರೂ 'ಮಲೆಗಳಲ್ಲಿ ಮದುಮಗಳು' ಅನ್ನುವ ಮೊದಲೇ ಹೇಳಿಬಿಡುತ್ತೇನೆ. ಅದರಿಂದ ಶುರು ಮಾಡಬೇಡಿ ಮಾರಾಯ್ರೆ. ಒಳ್ಳೆಯ ಪುಸ್ತಕವೇ, ಇಲ್ಲ ಅನ್ನಲ್ಲ. ಆದರೆ ಮನೆ ಹೆಸರು, ಜನರ ಹೆಸರು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ನೂರು ಪುಟ ದಾಟುವಷ್ಟರಲ್ಲಿ ತಲೆ ಕೆಡುತ್ತದೆ. ಎಷ್ಟು ಜನ ಅದನ್ನು ಶೋಕೇಸಿನಲ್ಲಿಟ್ಟು 'ಓದಿದ್ದೇನೆ' ಅಂತಾರೋ ದೇವರಿಗೇ ಗೊತ್ತು.

ಕೊಪ್ಪದಿಂದ

ಅಡಿಕೆ ತೋಟ ಇರುವವರಿಗೆ ಒಂದು ವಿಚಿತ್ರ ಪುಸ್ತಕ ಹೇಳುತ್ತೇನೆ. ಇ. ಸಿ. ಲಾರ್ಜ್ ಅನ್ನುವವರ 'ದಿ ಅಡ್ವಾನ್ಸ್ ಆಫ್ ದಿ ಫಂಗೈ', 1940ರದ್ದು. ಬೆಳೆಗೆ ಬರುವ ಶಿಲೀಂಧ್ರ ರೋಗಗಳ ಕತೆ. ಹೆಸರು ಕೇಳಿ ಪಠ್ಯಪುಸ್ತಕ ಅಂದುಕೊಳ್ಳಬೇಡಿ, ಪತ್ತೇದಾರಿ ಕಾದಂಬರಿ ಓದಿದ ಹಾಗೆ ಓದಿದೆ.

ಶುರುವಾಗುವುದು 1845ರ ಆಲೂಗೆಡ್ಡೆ ಅಂಗಮಾರಿಯಿಂದ. ಐರ್ಲೆಂಡಿನಲ್ಲಿ ಆ ಬರಕ್ಕೆ ಹತ್ತು ಲಕ್ಷದಷ್ಟು ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಗಿಡ ಕೊಳೆತದ್ದಕ್ಕೆ ಬೂಸ್ಟು ಬಂತೋ, ಬೂಸ್ಟಿನಿಂದಲೇ ಗಿಡ ಕೊಳೆಯಿತೋ? ಈ ಒಂದು ಪ್ರಶ್ನೆಗೆ ಪಂಡಿತರು ವರ್ಷಗಟ್ಟಲೆ ಜಗಳ ಆಡಿದ್ದಾರೆ. ಇಂಗ್ಲೆಂಡಿನ ಬರ್ಕ್ಲಿ ಅನ್ನುವ ಪಾದ್ರಿ ಬೂಸ್ಟೇ ಕಾರಣ ಅಂದರು. ಹೆಚ್ಚಿನವರು ನಂಬಲಿಲ್ಲ. ಜರ್ಮನಿಯ ಡಿ ಬಾರಿ ಆಮೇಲೆ ಪ್ರಯೋಗ ಮಾಡಿ ತೋರಿಸಿದರು.

ನನಗೆ ಬಹಳ ಹಿಡಿಸಿದ್ದು ಬೋರ್ಡೋ ಔಷಧಿ ಹುಟ್ಟಿದ ಕತೆ. ಫ್ರಾನ್ಸಿನ ಬೋರ್ಡೋ ಕಡೆ ದ್ರಾಕ್ಷಿ ತೋಟದವರು ರಸ್ತೆ ಬದಿಯ ಸಾಲುಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರಂತೆ. ರೋಗಕ್ಕಲ್ಲ, ಕಳ್ಳರಿಗೆ! ನೀಲಿ ಹಸಿರು ಬಣ್ಣ ನೋಡಿದರೆ ದಾರಿಹೋಕರು ಹಣ್ಣು ಮುಟ್ಟಲ್ಲ ಅಂತ. ಮಿಲ್ಲಾರ್ಡೆ ಅನ್ನುವ ಪ್ರೊಫೆಸರ್ ಆ ದಾರಿಯಲ್ಲಿ ಬಂದವರು ಆ ಸಾಲಿನ ಎಲೆ ಮಾತ್ರ ಉದುರದೆ ಉಳಿದದ್ದನ್ನು ಗಮನಿಸಿದರು. 1885ರಲ್ಲಿ ಪ್ರಕಟಿಸಿದರು. ನಾವು ಇವತ್ತೂ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅಂತ ಕಲಸುವುದು ಅದನ್ನೇ.

ನಮ್ಮ ಕಡೆ ಇದನ್ನು ಅಡಿಕೆಯ ಕೊಳೆ ರೋಗಕ್ಕೆ ಬಳಕೆಗೆ ತಂದವರು ಲೆಸ್ಲಿ ಕೋಲ್ಮನ್, ಮೈಸೂರು ಸರ್ಕಾರದ ಕೃಷಿ ಇಲಾಖೆಯಲ್ಲಿದ್ದ ಕೆನಡಾದವರು. ಕೊಳೆ ರೋಗದ ಮೇಲೆ 1910ರಲ್ಲಿ ಅವರ ವರದಿ ಬಂತು. ಅದಕ್ಕೂ ಮೊದಲು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಪ್ಪಿಸುತ್ತಿದ್ದರು. ಅಜ್ಜನ ಕಾಲದವರಿಗೆ ಕೊಟ್ಟೆ ಕಟ್ಟುವುದು ಗೊತ್ತಿರುತ್ತದೆ, ಕೇಳಿ ನೋಡಿ.

ಒಂದು ಎಚ್ಚರಿಕೆ. ಪುಸ್ತಕ ಹಳೆಯದು. ಆಲೂಗೆಡ್ಡೆ ಅಂಗಮಾರಿ, ನಮ್ಮ ಕೊಳೆ ಎರಡೂ ಫೈಟಾಫ್ತೊರಾ ಜಾತಿಯವು. ಈಗಿನ ವಿಜ್ಞಾನದ ಪ್ರಕಾರ ಅವು ನಿಜವಾದ ಶಿಲೀಂಧ್ರವೇ ಅಲ್ಲ, ಕಂದು ಪಾಚಿಯ ಬಳಗಕ್ಕೆ ಹತ್ತಿರ. ಲಾರ್ಜ್ ಬರೆಯುವಾಗ ಹಾಗೆ ಬೇರೆ ಮಾಡಿರಲಿಲ್ಲ. ಇಂಗ್ಲಿಷ್ ಸ್ವಲ್ಪ ಹಳೇ ಕಾಲದ್ದು, ನಿಧಾನಕ್ಕೆ ಹೋಗಿ. ಔಷಧಿ ಹೊಡೆಯುವವರು ಬರದೆ ಕಾಯುವ ದಿನಗಳಿಗೆ ಸರಿಯಾದ ಪುಸ್ತಕ.

ಸಾಗರದಿಂದ, ಮತ್ತೆ

ಕೊಪ್ಪದವರೇ, ಹಣ್ಣಿನ ಕಳ್ಳರ ಕತೆಗೇ ಪುಸ್ತಕ ತಗೊಳ್ಳಬೇಕು ಅನ್ನಿಸಿತು. ನಮ್ಮಲ್ಲಿ ಹಸಿ ಅಡಿಕೆ ಕಳ್ಳರಿಗೆ ಬಣ್ಣ ಎರಚಿದರೆ ಆಗಲ್ಲ, ಬೇಲಿಯೇ ಸಮೇತ ಹೊತ್ತುಕೊಂಡು ಹೋಗುತ್ತಾರೆ.

ಶಿವಮೊಗ್ಗದಿಂದ ಇನ್ನೊಬ್ಬರು

ಚರಿತ್ರೆಗೆ ನನ್ನ ಸಲಹೆ: ಎರಡು ಪುಸ್ತಕ ಜೋಡಿಯಾಗಿ ಓದಿ. ಒಂದು ಗಜಾನನ ಶರ್ಮರ 'ಚೆನ್ನಭೈರಾದೇವಿ'. ಕಾದಂಬರಿಯೇ, ಆದರೆ ಕೆಳಗೆ ಚರಿತ್ರೆ ಗಟ್ಟಿಯಾಗಿದೆ. ಗೇರುಸೊಪ್ಪೆಯ ರಾಣಿ, ಪೋರ್ಚುಗೀಸರು 'ಕರಿಮೆಣಸಿನ ರಾಣಿ' ಅಂತ ಕರೆದದ್ದು ಇವರನ್ನೇ. ಇನ್ನೊಂದು ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ಇಟಲಿಯ ಪ್ರವಾಸಿಯ ಪತ್ರಗಳು. ಇಂಗ್ಲಿಷ್ ಅನುವಾದ ಇದೆ. 1623ರಲ್ಲಿ ಅವನು ಹೊನ್ನಾವರದಿಂದ ಗೇರುಸೊಪ್ಪೆ ಮೇಲೆ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಪೋರ್ಚುಗೀಸರ ರಾಯಭಾರಿಯ ಜೊತೆ, ಗೇರುಸೊಪ್ಪೆ ಗೆದ್ದಿದ್ದ ಅಲ್ಲಿನ ದೊರೆ ವೆಂಕಟಪ್ಪ ನಾಯಕರನ್ನು ನೋಡಲಿಕ್ಕೆ. ಅಷ್ಟರಲ್ಲಾಗಲೇ ಗೇರುಸೊಪ್ಪೆ ಹಾಳು ಬಿದ್ದಿತ್ತು. ರಾಣಿ ಯಾರನ್ನೋ ಮೆಚ್ಚಿ ರಾಜ್ಯ ಕಳಕೊಂಡಳು ಅಂತ ದಾರಿಯಲ್ಲಿ ಕೇಳಿದ್ದನ್ನು ಹಾಗೇ ಬರೆದಿಟ್ಟಿದ್ದಾನೆ. ಗೆದ್ದವರ ಸೀಮೆಯಲ್ಲಿ ಸೋತ ರಾಣಿಯ ಬಗ್ಗೆ ಇನ್ನೇನು ಕೇಳಸಿಗುತ್ತದೆ? ಕಾದಂಬರಿಯ ಹೆಸರಿನ ಜೊತೆ 'ಅಕಳಂಕ ಚರಿತೆ' ಅಂತ ಯಾಕೆ ಹಾಕಿದ್ದಾರೆ ಅನ್ನುವುದು ಆ ಪತ್ರ ಓದಿದಾಗ ಗೊತ್ತಾಗುತ್ತದೆ.

ಆ ಪತ್ರಗಳಲ್ಲಿ ಒಂದು ಕಡೆ ನಾನು ನಿಂತೇಬಿಟ್ಟೆ. ಘಟ್ಟದ ದಾರಿಯಲ್ಲಿ ಒಂದು ಗುಡಿಯ ಜಗಲಿ. ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದಾರೆ. ನೆಲಕ್ಕೆ ನುಣ್ಣನೆ ಮರಳು ಹರಡಿದ್ದಾರೆ. ಒಬ್ಬ ರಾಗವಾಗಿ ಹೇಳುತ್ತಾ ಬೆರಳಿಂದ ಬರೆಯುತ್ತಾನೆ, ಉಳಿದವರೂ ಹಾಗೇ ಹೇಳುತ್ತಾ ಬರೆಯುತ್ತಾರೆ. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು. ಮೇಷ್ಟ್ರು ಇಲ್ಲ, ತಾವೇ ಕೂತು ಪಾಠ ಒಪ್ಪಿಸಿಕೊಳ್ಳುತ್ತಿದ್ದಾರೆ. ರಾಜರ ದರ್ಬಾರು, ಆನೆ, ಕಾಣಿಕೆ ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ನಾನೂರು ವರ್ಷದ ಹಿಂದಿನ ಮಕ್ಕಳು ಮಗ್ಗಿ ಹೇಳುವುದು ಎಲ್ಲಿ ಸಿಗುತ್ತದೆ ಹೇಳಿ? ಉಳಿದಂತೆ ಈ ಮನುಷ್ಯನಿಗೆ ಜಂಬ ಜಾಸ್ತಿ. ನಮ್ಮ ದೇವರು, ಪೂಜೆ ಬಗ್ಗೆ ಬರೆಯುವಾಗ ಮೂಗು ಮುರಿಯುತ್ತಾನೆ. ಅಲ್ಲಲ್ಲಿ ಹಾರಿಸಿಕೊಂಡು ಓದಿದರೂ ನಷ್ಟ ಇಲ್ಲ.

ಹೊಸನಗರದಿಂದ

ರಾಜರಾಣಿಯರ ಚರಿತ್ರೆ ಸಾಕು ಅನ್ನಿಸಿದರೆ ಜಿ. ರಾಜಶೇಖರ ಅವರ 'ಕಾಗೋಡು ಸತ್ಯಾಗ್ರಹ'. 1951ರಲ್ಲಿ ಸಾಗರ ತಾಲ್ಲೂಕಿನ ಗೇಣಿದಾರರು ಜಮೀನಿನ ಒಡೆಯರ ವಿರುದ್ಧ ಎದ್ದ ಕತೆ. ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ ಜಗಳ. ರೈತ ನಾಯಕ ಗಣಪತಿಯಪ್ಪ, ಸಮಾಜವಾದಿ ಶಾಂತವೇರಿ ಗೋಪಾಲಗೌಡರು, ಆಮೇಲೆ ಸಮಾಜವಾದಿ ನಾಯಕ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ನಮ್ಮ ಕಡೆ ಎರಡೂ ಪಕ್ಕದ ಮನೆತನಗಳು ಇನ್ನೂ ಇವೆ. ಊಟದ ಪಂಕ್ತಿಯಲ್ಲಿ ಈ ವಿಷಯ ತೆಗೆಯುವ ಮುಂಚೆ ಪಕ್ಕದಲ್ಲಿ ಯಾರು ಕೂತಿದ್ದಾರೆ ನೋಡಿಕೊಳ್ಳಿ.

ಕಾದಂಬರಿಗೆ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'. ನಿಮ್ಮ ತೀರ್ಥಹಳ್ಳಿಯವರೇ ಬರೆದದ್ದು. 1840ರಲ್ಲಿ ಹುಟ್ಟಿ 1952ರಲ್ಲಿ ತೀರಿಕೊಂಡ ನಿಜವಾದ ಒಬ್ಬ ಅಜ್ಜಿಯ ಬದುಕು. ಬಾಲ್ಯದಲ್ಲೇ ಮದುವೆ, ಕೂಡಲೇ ಹಾವು ಕಚ್ಚಿ ಗಂಡ ಸತ್ತ, ಆಮೇಲೆ ಇಡೀ ಆಯಸ್ಸು ಮಡಿ. ಅಳಿಸುವ ಕತೆ ಅಂದುಕೊಂಡು ದೂರ ಇಡಬೇಡಿ. ಫಣಿಯಮ್ಮ ಯಾರ ಮೇಲೂ ಕೂಗಾಡಲ್ಲ, ಆದರೆ ಕೆಳಜಾತಿಯ ಮನೆಯ ಬಾಣಂತನಕ್ಕೆ ಹೋಗಬೇಕಾದಾಗ ಹೋಗುತ್ತಾಳೆ. ಮನೆಯಲ್ಲಿ ಅತ್ತೆ, ಅಮ್ಮ ಇದ್ದರೆ ಗಟ್ಟಿಯಾಗಿ ಓದಿ ಹೇಳಿ. ನಮ್ಮಮ್ಮ ನಡುನಡುವೆ ನಿಲ್ಲಿಸಿ 'ನಮ್ಮ ದೊಡ್ಡತ್ತೆಗೂ ಹಿಂಗೇ ಆಗಿತ್ತು' ಅಂತ ಶುರು ಮಾಡಿದರು. ಪುಸ್ತಕ ಮುಗಿಯೋದು ತಡವಾಯ್ತು. ಆದರೆ ಅವರು ಹೇಳಿದ್ದು ಯಾವ ಪುಸ್ತಕದಲ್ಲೂ ಇಲ್ಲ.

ಭದ್ರಾವತಿಯಿಂದ

ನೀವೆಲ್ಲ ಊರ ಬಾಗಿಲು ದಾಟಲೇ ಇಲ್ಲವಲ್ಲ! ನಾನು ಓದಿದ್ದು ವಸುಧೇಂದ್ರರ 'ತೇಜೋ ತುಂಗಭದ್ರಾ'. ಲಿಸ್ಬನ್ ಒಂದು ಕಡೆ, ವಿಜಯನಗರ ಇನ್ನೊಂದು ಕಡೆ. ಹಡಗಿನ ಪ್ರಯಾಣದ ಭಾಗ ಬಿಡದೆ ಓದಿಸಿಕೊಂಡಿತು. ಕೊನೆಕೊನೆಗೆ ಎಲ್ಲರೂ ಎಲ್ಲರಿಗೂ ಸಿಗುವುದು ಸ್ವಲ್ಪ ಸಿನಿಮಾ ಆಯ್ತು ಅನ್ನಿಸಿತು. ಪರವಾಗಿಲ್ಲ.

ಹರಾರಿ ಬರೆದ ಮನುಷ್ಯಕುಲದ ಚರಿತ್ರೆ 'ಸೇಪಿಯನ್ಸ್' ಕೂಡ ಓದಿ. ಮೊದಲರ್ಧ ಬಹಳ ಚೆನ್ನಾಗಿದೆ. ಮನುಷ್ಯ ಗೋಧಿಯನ್ನು ಪಳಗಿಸಲಿಲ್ಲ, ಗೋಧಿಯೇ ಮನುಷ್ಯನನ್ನು ಪಳಗಿಸಿತು ಅಂತಾರೆ.

ಕೊಪ್ಪದಿಂದ, ಮತ್ತೆ

ಗೋಧಿ ಏನು ಮಹಾ. ನಮ್ಮನ್ನು ಅಡಿಕೆ ಪಳಗಿಸಿದ ಹಾಗೆ ಯಾವ ಬೆಳೆಯೂ ಯಾರನ್ನೂ ಪಳಗಿಸಿಲ್ಲ. ಮದುವೆ ದಿನ ಇಡುವುದೂ ಕೊಯ್ಲು ನೋಡಿಕೊಂಡು. 'ಸೇಪಿಯನ್ಸ್' ನನಗೆ ಅಷ್ಟು ಹಿಡಿಸಲಿಲ್ಲ ಭದ್ರಾವತಿಯವರೇ. ಒಂದು ಪುಟದಲ್ಲಿ ಸಾವಿರ ವರ್ಷ ದಾಟಿಬಿಡುತ್ತಾರೆ. 'ಇದು ಹೇಗೆ ಗೊತ್ತಾಯ್ತು ಸ್ವಾಮಿ' ಅಂತ ಕೇಳುವಷ್ಟರಲ್ಲಿ ಮುಂದಿನ ಅಧ್ಯಾಯ. ವಿಜ್ಞಾನದ ಪುಸ್ತಕದಲ್ಲಿ ನನಗೆ ಬೇಕಾದ್ದು ಹೇಗೆ ಗೊತ್ತಾಯ್ತು ಅನ್ನುವ ಕತೆಯೇ.

ತೀರ್ಥಹಳ್ಳಿಯ ಒಬ್ಬ ಟೀಚರ್

ಹಾಗಿದ್ದರೆ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು'. ಸಸ್ಯಶಾಸ್ತ್ರದ ಪ್ರೊಫೆಸರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡು ಸುತ್ತುವುದು. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ನಗಿಸುತ್ತಲೇ ಗಿಡದ ಗುರುತು ಹೇಳಿಕೊಡುತ್ತಾರೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ವಿಜ್ಞಾನದ ಪುಸ್ತಕಕ್ಕೆ ಸಾಹಿತ್ಯದ ಬಹುಮಾನ ಬರುವುದು ಅಪರೂಪ ಅಲ್ವಾ. ಒಂದೇ ಕೊರತೆ. ಗಿಡದ ಹೆಸರುಗಳ ಮೆರವಣಿಗೆ ಬಂದಾಗ ಕೆಲವರಿಗೆ ಆಕಳಿಕೆ ಬರುತ್ತದೆ. ಅಲ್ಲಿ ಚಿತ್ರ ನೋಡಿಕೊಂಡು ಮುಂದೆ ಹೋಗಿ.

ತೇಜಸ್ವಿಯವರ 'ಕರ್ವಾಲೊ' ನೀವು ಕಾಲೇಜಿನಲ್ಲೇ ಓದಿರುತ್ತೀರಿ. ಈಗ ಮತ್ತೆ ಓದಿ. ಆದರೆ ಅದಕ್ಕೂ ಮುಂಚೆ ಬಿಸಿಲು ಬಿದ್ದ ದಿನ ತೋಟದಲ್ಲಿ ಅಡಿಕೆ ಮರದ ಕಾಂಡ ನೋಡುತ್ತಾ ನಿಲ್ಲಿ. ಆ ಕತೆಯಲ್ಲಿ ಹುಡುಕಿಕೊಂಡು ಹೋಗುವ ಹಾರುವ ಓತಿ ನಮ್ಮ ಅಡಿಕೆ ತೋಟಗಳಲ್ಲೇ ಇದೆ. ತೊಗಟೆ ಬಣ್ಣದಲ್ಲೇ ಇರುವುದರಿಂದ ಮೊದಲು ಕಾಣಲ್ಲ. ಗಂಡು ಓತಿ ಗಂಟಲ ಕೆಳಗಿನ ಹಳದಿ ಚರ್ಮವನ್ನು ಪಟಕ್ಕನೆ ಮುಂದಕ್ಕೆ ಚಾಚಿ ಒಳಗೆ ಎಳೆದುಕೊಳ್ಳುತ್ತದೆ. ಆಗ ಸಿಕ್ಕಿಬೀಳುತ್ತದೆ. ರೆಕ್ಕೆ ಅಂತ ಕಾಣುವುದು ಉದ್ದ ಬೆಳೆದ ಪಕ್ಕೆಲುಬುಗಳ ಮೇಲಿನ ಚರ್ಮ. ಹಕ್ಕಿ ಹಾಗೆ ಬಡಿಯಲ್ಲ, ಅಗಲಿಸಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ. ನಮ್ಮ ಶಾಲೆಯ ಮಕ್ಕಳಿಗೆ ತೋರಿಸಿದಾಗ ಅರ್ಧ ಮಂದಿ 'ಇದು ದಿನಾ ಇರುತ್ತಲ್ಲ ಟೀಚರ್' ಅಂದರು. ಪುಸ್ತಕದ ಮಂದಣ್ಣನೂ ಅಂಥವನೇ. ವಿಜ್ಞಾನಿಗೆ ಬೇಕಾದ್ದು ಅವನ ಕಣ್ಣಿಗೆ ಸುಮ್ನೆ ಬಿದ್ದಿರುತ್ತದೆ.

ದುರ್ಗಿಗುಡಿಯವರಿಗೆ ಒಂದು ಮಾತು. 'ಮದುಮಗಳು' ಕಷ್ಟ ಅಂತ ಹೆದರಿಸಬೇಡಿ. ಎಲ್ಲರ ಹೆಸರು ನೆನಪಿಟ್ಟುಕೊಳ್ಳಲು ಹೋದರೆ ಕಷ್ಟವೇ. ಗುತ್ತಿ, ಅವನ ನಾಯಿ ಹುಲಿಯ ಹೋದ ಕಡೆ ಹೋಗುತ್ತಿರಿ. ಯಾರು ಯಾರಿಗೆ ಏನಾಗಬೇಕು ಅನ್ನುವುದು ಮದುವೆ ಮನೆಯಲ್ಲಿ ಗೊತ್ತಾದ ಹಾಗೆ ನಿಧಾನಕ್ಕೆ ಗೊತ್ತಾಗುತ್ತದೆ. ಆದರೆ ಮೊದಲ ಪುಸ್ತಕ ಬೇಡ, ಅದಕ್ಕೆ ನಾನೂ ಒಪ್ಪಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. 'ದ್ವೀಪ' ಲೈಬ್ರರಿಯಲ್ಲಿ ಸಿಕ್ಕಿತು. 'ಫಣಿಯಮ್ಮ' ನಮ್ಮ ಚಿಕ್ಕಮ್ಮನ ಮನೆಯಲ್ಲೇ ಇತ್ತು. ಕೊಳೆ ಪುಸ್ತಕ ಎಲ್ಲಿ ಸಿಗುತ್ತದೆ? ಇನ್ನೊಂದು ವಿಷಯ, ಚಿಕ್ಕಮ್ಮ ಕೊಟ್ಟ ಪುಸ್ತಕದ ರಟ್ಟಿಗೆ ಆಗಲೇ ಬೂಸ್ಟು ಬಂದಿದೆ. ಏನು ಮಾಡುವುದು?

ಕೊಪ್ಪದಿಂದ

ಹೊಸ ಪ್ರತಿ ಹುಡುಕುವುದಕ್ಕಿಂತ ಆನ್‌ಲೈನಿನಲ್ಲಿ ಸೆಕೆಂಡ್ ಹ್ಯಾಂಡ್ ನೋಡಿ. ನನ್ನದು ಹಾಗೇ ಬಂದದ್ದು.

ಬೂಸ್ಟಿಗೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಪುಸ್ತಕ ಒಣಗಿದ ಮೇಲೆ ಜಗಲಿಗೆ ತಂದು ಮೆತ್ತನೆಯ ಬ್ರಷ್‌ನಿಂದ ಒರೆಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬೇರೆ ಪುಸ್ತಕದ ಜೊತೆ ಇಡಬೇಡಿ. ಕಪಾಟನ್ನು ಮಣ್ಣಿನ ಗೋಡೆಗೆ ತಾಗಿಸಿ ಇಟ್ಟಿದ್ದರೆ ಒಂದು ಗೇಣು ಮುಂದಕ್ಕೆ ಎಳೆಯಿರಿ, ಪುಸ್ತಕಗಳನ್ನು ಒತ್ತಿ ತುರುಕಬೇಡಿ, ಗಾಳಿ ಆಡಲಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವವರಿದ್ದಾರೆ, ಒಳಗೆ ತೇವ ಉಳಿದರೆ ಇನ್ನೂ ಬೇಗ ಹಾಳಾಗುತ್ತದೆ. ಅಡಿಗೆ ಮನೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ, ಆದರೆ ಹೊಗೆಗೆ ಹಾಳೆ ಕಪ್ಪಾಗುತ್ತದೆ, ಇಲಿಯೂ ಇರುತ್ತದೆ.

ಹೊಸನಗರದಿಂದ

ಚಿಕ್ಕಮ್ಮನಿಗೆ ವಾಪಸ್ ಕೊಡುವ ಮೊದಲು ಒರೆಸಿ ಕೊಡಿ. ಇಲ್ಲದಿದ್ದರೆ 'ಕೊಟ್ಟಾಗ ಹಿಂಗಿರಲಿಲ್ಲ' ಅಂತ ಮುಂದಿನ ದೀಪಾವಳಿವರೆಗೂ ಕೇಳಬೇಕಾಗುತ್ತದೆ.