ದೊಡ್ಡಪ್ಪನ ಉಸಿರಿನ ರಿಪೋರ್ಟ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ. ದೊಡ್ಡಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಬಂದಮೇಲೆ ಅವರಿಗೂ ಕೇಳಿಸಿ.

ಪುಟ್ಟಾ, ನೀನು ಹಾಕಿರೋ ರಿಪೋರ್ಟ್ ಫೋಟೋ ನೋಡಿದೆ. ದೊಡ್ಡಪ್ಪ ಕೂತಿದ್ದಾಗ ಆಕ್ಸಿಮೀಟರ್‌ನಲ್ಲಿ ರಕ್ತದ ಆಮ್ಲಜನಕ ಶೇಕಡಾ 95 ಬರುತ್ತೆ, ಹುಳು ಮನೆಯಿಂದ ಜಗಲಿಗೆ ನಡೆದು ಬರೋಷ್ಟರಲ್ಲಿ 86ಕ್ಕೆ ಇಳಿಯುತ್ತೆ, ಡಾಕ್ಟ್ರು 'ಡಿಫ್ಯೂಷನ್ ಕಮ್ಮಿ ಇದೆ' ಅಂದ್ರು, ಹಾಗಂದ್ರೇನಕ್ಕಾ ಅಂತ ಕೇಳಿದ್ದೀಯ. ಅದರ ಕೆಳಗೆ ಚಿಕ್ಕಪ್ಪ 'ಮಿಷಿನ್ ಸರಿಯಿಲ್ಲ, ಅಣ್ಣಂಗೆ ಭಯ ಅಷ್ಟೇ, ದಿನಾ ನಡೆಸಿ' ಅಂತ ಹಾಕಿದ್ದಾರೆ. ಚಿಕ್ಕಪ್ಪಾ, ಬೇಜಾರು ಮಾಡ್ಕೋಬೇಡಿ, ಅದು ಭಯ ಅಲ್ಲ. 11 ವರ್ಷದಿಂದ ತುಮಕೂರಲ್ಲಿ ಉಸಿರಿನ ಪರೀಕ್ಷೆ ಮಾಡೋ ರೂಮಲ್ಲೇ ನನ್ನ ಕೆಲಸ. ಕೂತಾಗ ಚೆನ್ನಾಗಿದ್ದು ನಡೆದಾಗ ಬೀಳೋ ನಂಬರನ್ನ ದಿನಾ ನೋಡ್ತೀನಿ.

ನಮ್ಮನೆ ಹುಳದಿಂದಲೇ ಶುರು ಮಾಡ್ತೀನಿ. ನಾಲ್ಕನೇ ಜ್ವರ ಎದ್ದ, ಅಂದ್ರೆ ನಾಲ್ಕನೇ ಸಲ ಚರ್ಮ ಕಳಚಿದ ಹುಳ ಒಂದನ್ನ ಅಂಗೈ ಮೇಲಿಟ್ಕೊಂಡು ಪಕ್ಕೆ ನೋಡಿ. ಸಾಲಾಗಿ ಕಪ್ಪು ಚುಕ್ಕಿ ಇರುತ್ತೆ, ಒಂದೊಂದು ಕಡೆ 9. ಅದೇ ಹುಳದ ಮೂಗು. ಅದಕ್ಕೆ ಶ್ವಾಸಕೋಶ ಇಲ್ಲ. ಆ ಚುಕ್ಕಿಯಿಂದ ಕೂದಲಿಗಿಂತ ಸಣ್ಣ ಕೊಳವೆಗಳು ಒಳಗೆ ಹೋಗಿ ಮೈಯೆಲ್ಲಾ ಕವಲೊಡೆದಿರುತ್ತವೆ. ಅದರ ತುದೀಲಿ ಆಮ್ಲಜನಕ ಜಾಸ್ತಿ ಇರೋ ಕಡೆಯಿಂದ ಕಮ್ಮಿ ಇರೋ ಕಡೆಗೆ ತಾನೇ ತಾನಾಗಿ ಹರಡ್ಕೊಂಡು ಹೋಗುತ್ತೆ. ಯಾರೂ ತಳ್ಳೋದು ಬೇಡ. ಒಳಗೆ ಒಗ್ಗರಣೆ ಹಾಕಿದ್ರೆ ಗಾಳಿ ಆಡದಿದ್ರೂ ವಾಸನೆ ಪಡಸಾಲೆಗೆ ಬರುತ್ತಲ್ಲ, ಹಾಗೆ. ಡಿಫ್ಯೂಷನ್ ಅಂದ್ರೆ ಇಷ್ಟೇ. ಆದ್ರೆ ದೂರ ಎರಡರಷ್ಟಾದ್ರೆ ಹಿಡಿಯೋ ಹೊತ್ತು ನಾಲ್ಕರಷ್ಟಾಗುತ್ತೆ. ಅದಕ್ಕೇ ನಮ್ಮಂಥ ದೊಡ್ಡ ದೇಹಕ್ಕೆ ಎದೆ ತುಂಬಾ ಗಾಳಿ ಎಳೆಯೋ ಶ್ವಾಸಕೋಶ, ರಕ್ತ ಓಡಿಸೋ ಹೃದಯ ಎರಡೂ ಬೇಕು. ಆದ್ರೂ ಆಮ್ಲಜನಕ ಗಾಳಿಯಿಂದ ಮೈಯೊಳಗೆ ದಾಟೋ ಆ ಕೊನೇ ಜಾಗದಲ್ಲಿ ನಮಗೂ ಹುಳಕ್ಕೂ ಒಂದೇ ನಿಯಮ.

ಆ ಕೊನೇ ಜಾಗ ಎಷ್ಟು ತೆಳು ಅಂತೀರಾ? ನಮ್ಮ ಶ್ವಾಸಕೋಶದಲ್ಲಿ ಸುಮಾರು 30 ಕೋಟಿ ಪುಟ್ಟ ಗಾಳಿಚೀಲ ಇದಾವೆ. ಎಲ್ಲಾ ಬಿಚ್ಚಿ ಹಾಸಿದ್ರೆ ಹತ್ತತ್ರ 70 ಚದರ ಮೀಟರ್, ನಮ್ಮ ಹುಳು ಮನೆ ನೆಲದಷ್ಟು. ಗಾಳಿಗೂ ರಕ್ತಕ್ಕೂ ಮಧ್ಯ ಇರೋ ಪೊರೆ ಒಂದು ಮಿಲಿಮೀಟರನ್ನ 2000 ಭಾಗ ಮಾಡಿದ್ರೆ ಅದರಲ್ಲಿ ಒಂದು ಭಾಗ. ಜಾಗ ಅಗಲ, ಪೊರೆ ತೆಳು, ಆ ಕಡೆ ಈ ಕಡೆ ಒತ್ತಡದಲ್ಲಿ ವ್ಯತ್ಯಾಸ, ಈ ಮೂರೂ ಇದ್ರೆ ಆಮ್ಲಜನಕ ಸಲೀಸಾಗಿ ದಾಟುತ್ತೆ. ಜರ್ಮನಿಯ ಅಡಾಲ್ಫ್ ಫಿಕ್ ಅನ್ನೋರು 1855ರಲ್ಲೇ ಈ ಹರಡೋ ಲೆಕ್ಕ ಬರೆದಿಟ್ಟಿದ್ದಾರೆ.

ದೊಡ್ಡಪ್ಪ 19 ವರ್ಷ ಜಲ್ಲಿ ಕ್ರಷರ್‌ನಲ್ಲಿ ದುಡಿದ್ರು. ಸಂಜೆ ಮನೆಗೆ ಬಂದ್ರೆ ಹುಬ್ಬು, ಕಿವಿ, ರೆಪ್ಪೆ ಎಲ್ಲಾ ಬೆಳ್ಳಗಿರ್ತಿತ್ತು, ದೊಡ್ಡಮ್ಮ ಬಚ್ಚಲಲ್ಲಿ ನೀರು ಹುಯ್ದು ತೊಳೀತಿದ್ರು. ಕಣ್ಣಿಗೆ ಕಾಣೋ ಆ ಪುಡಿ ತೊಳೆದ್ರೆ ಹೋಗ್ತಿತ್ತು. ಕಾಣದಷ್ಟು ಸಣ್ಣ ಪುಡಿ ಮುಖಕ್ಕೆ ಕಟ್ಟಿದ್ದ ಟವೆಲ್ ದಾಟಿ ಗಾಳಿಚೀಲದವರೆಗೆ ಇಳಿದಿದೆ. ಅದು ಕೂತ ಕಡೆ ಗಾಯ, ಗಾಯದ ಮೇಲೆ ಗಟ್ಟಿ ಕಲೆ. ರಿಪೋರ್ಟ್‌ನಲ್ಲಿ ಸಿಲಿಕೋಸಿಸ್ ಅಂತ ಬರೆದಿರೋದು ಅದನ್ನೇ. ಗಾಳಿಚೀಲ ಎಷ್ಟೋ ಹಾಳಾಗಿ ಜಾಗ ಕಮ್ಮಿ ಆಗಿದೆ, ಉಳಿದ ಕಡೆ ಪೊರೆ ದಪ್ಪ ಆಗಿದೆ.

ಈಗ ಚಿಕ್ಕಪ್ಪನ ಮಾತಿಗೆ ಬರ್ತೀನಿ. ಕೂತಿದ್ದಾಗ ರಕ್ತದ ಒಂದು ಕಣ ಗಾಳಿಚೀಲದ ಪಕ್ಕದಲ್ಲಿ ಸುಮಾರು ಮುಕ್ಕಾಲು ಸೆಕೆಂಡ್ ಇರುತ್ತೆ. ಆರೋಗ್ಯವಾಗಿರೋರಿಗೆ ಕಾಲು ಸೆಕೆಂಡಲ್ಲೇ ಆಮ್ಲಜನಕ ತುಂಬಿಹೋಗುತ್ತೆ, ಮಿಕ್ಕ ಅರ್ಧ ಸೆಕೆಂಡ್ ಉಳಿತಾಯ. ದೊಡ್ಡಪ್ಪಂಗೆ ಪೊರೆ ದಪ್ಪ, ಹಾಗಾಗಿ ಆ ಉಳಿತಾಯವೆಲ್ಲಾ ಖರ್ಚಾಗಿ ಹೇಗೋ ತುಂಬುತ್ತೆ, ನಂಬರು 95 ಬರುತ್ತೆ. ಎದ್ದು ನಡೆದ ತಕ್ಷಣ ಹೃದಯ ಜೋರಾಗಿ ಬಡಿಯುತ್ತೆ, ರಕ್ತ ಓಡುತ್ತೆ, ಅಲ್ಲಿ ನಿಲ್ಲೋಕೆ ಹೊತ್ತೇ ಸಿಗಲ್ಲ. ಬಸ್ಸು ನಿಂತ ಹಾಗೆ ಮಾಡಿ ಹೊರಟುಬಿಟ್ರೆ ಅರ್ಧ ಜನ ಹತ್ತಿರಲ್ಲ ನೋಡಿ. ರಕ್ತವೂ ಅರೆಬರೆ ತುಂಬ್ಕೊಂಡೇ ಹೊರಡುತ್ತೆ. 86 ಅಂದ್ರೆ ಅದು. ಹೋದ ಯುಗಾದಿಗೆ ಬಾಗಿಲಿಗೆ ತೋರಣ ಕಟ್ಟೋವಾಗ ಅವರು ಕೂತ್ಬಿಟ್ರು, 'ಏಳಿ ದೊಡ್ಡಪ್ಪಾ, ಇಷ್ಟಕ್ಕೇನಾ' ಅಂದೆ ನಾನು. ಇದೇ ಕೆಲಸ ಮಾಡೋಳು ನಾನೇ ಹಾಗಂದೆ. ಅದು ಇವತ್ತಿಗೂ ನನ್ನ ಮನಸ್ಸಲ್ಲಿ ಕೊರೀತಾ ಇದೆ.

'ಉಸಿರು ಬಿಡೋಕೆ ತೊಂದ್ರೆ ಇಲ್ವಲ್ಲ, ಬರೀ ಆಮ್ಲಜನಕ ಮಾತ್ರ ಯಾಕೆ ಕಮ್ಮಿ' ಅಂತ ಅತ್ತೆ ಕೇಳಿದ್ರು. ಒಳ್ಳೇ ಪ್ರಶ್ನೆ ಅತ್ತೆ. ಇಂಗಾಲದ ಡೈಆಕ್ಸೈಡ್ ನೀರಲ್ಲಿ ಚೆನ್ನಾಗಿ ಕರಗುತ್ತೆ, ಅದೇ ಪೊರೇಲಿ ಆಮ್ಲಜನಕಕ್ಕಿಂತ ಸುಮಾರು 20 ಪಟ್ಟು ಸುಲಭವಾಗಿ ದಾಟುತ್ತೆ. ಒತ್ತಡದ ಲೆಕ್ಕದಲ್ಲಿ (ಪಾದರಸದ ಮಿಲಿಮೀಟರ್) ಆಮ್ಲಜನಕಕ್ಕೆ 100ರಿಂದ 40ರವರೆಗೆ ಅಷ್ಟು ದೊಡ್ಡ ಇಳಿಜಾರು ಬೇಕು, ಇದು 46ರಿಂದ 40, ಬರೀ 6ರ ಇಳಿಜಾರಲ್ಲೇ ಜಾರಿ ಹೋಗುತ್ತೆ. ಪೊರೆ ದಪ್ಪ ಆದ್ರೆ ಮೊದಲು ಪೆಟ್ಟು ಬೀಳೋದು ಆಮ್ಲಜನಕಕ್ಕೇ.

ರಿಪೋರ್ಟ್‌ನಲ್ಲಿ ಡಿಎಲ್‌ಸಿಓ 44 ಅಂತ ಇದೆಯಲ್ಲ ಪುಟ್ಟಾ, ಅದು ಪೊರೆ ದಾಟಿ ರಕ್ತಕ್ಕೆ ಎಷ್ಟು ಅನಿಲ ಹೋಗುತ್ತೆ ಅನ್ನೋ ಅಳತೆ, ಅವರ ವಯಸ್ಸು ಎತ್ತರಕ್ಕೆ 100 ಇರಬೇಕಾದ ಕಡೆ 44 ಇದೆ ಅಂತ. ಮೂಗಿಗೆ ಕ್ಲಿಪ್ ಹಾಕಿ, ಒಂದು ಉಸಿರು ಪೂರ್ತಿ ಎಳೆಸಿ, 'ಹಿಡ್ಕೊಳಿ, ಹಿಡ್ಕೊಳಿ, ಹಿಡ್ಕೊಳಿ' ಅಂತ 10 ಸೆಕೆಂಡ್ ತಡೆಸಿ ಬಿಡಿಸ್ತೀವಿ. ಆ ಗಾಳೀಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ಶೇಕಡಾ 0.3ರಷ್ಟು ಮಾತ್ರ, ಹೆದರಬೇಡಿ. ರಕ್ತ ಅದನ್ನ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಹಿಡ್ಕೊಳುತ್ತೆ, ಅದಕ್ಕೆ ಎಷ್ಟು ಒಳಗೆ ಹೋಯ್ತು ಅಂತ ನೋಡಿದ್ರೆ ಪೊರೆಯ ಸ್ಥಿತಿ ಗೊತ್ತಾಗುತ್ತೆ. ಒಂದೇ ಉಸಿರಲ್ಲಿ ಹೀಗೆ ಅಳೆಯೋ ವಿಧಾನವನ್ನ 1915ರಲ್ಲಿ ಡೆನ್ಮಾರ್ಕಿನ ಮರೀ ಕ್ರೋ ಅನ್ನೋ ಡಾಕ್ಟರಮ್ಮ ಕೊಟ್ಟಿದ್ದು. ಶ್ವಾಸಕೋಶ ತಾನೇ ಆಮ್ಲಜನಕ ಸ್ರವಿಸುತ್ತೆ ಅಂತ ದೊಡ್ಡ ದೊಡ್ಡೋರು ವಾದ ಮಾಡ್ತಿದ್ದ ಕಾಲದಲ್ಲಿ, ಗಂಡ ಆಗಸ್ಟ್ ಕ್ರೋ ಜೊತೆ ಸೇರಿ 'ಇಲ್ಲ, ಬರೀ ಡಿಫ್ಯೂಷನ್ನೇ ಸಾಕು' ಅಂತ ತೋರಿಸಿದವರು. ನಾನು ಮೌತ್‌ಪೀಸ್ ಕೈಗೆ ಕೊಡೋವಾಗೆಲ್ಲಾ ಆಯಮ್ಮನ ನೆನಪಾಗುತ್ತೆ. ಆಮೇಲೆ ರಕ್ತ ಕಮ್ಮಿ ಇದ್ರೂ ಈ ನಂಬರು ಇಳಿಯುತ್ತೆ ಪುಟ್ಟಾ, ಹಿಮೋಗ್ಲೋಬಿನ್ ರಿಪೋರ್ಟೂ ಕಳಿಸು.

ಚಿಕ್ಕಮ್ಮ ಕುಂಭಕ ಮಾಡಿಸಿ ಅಂದಿದ್ದಾರೆ. ಬೇಡಿ ಚಿಕ್ಕಮ್ಮ. ಉಸಿರು ಹಿಡಿದ್ರೆ ಪೊರೆ ತೆಳು ಆಗಲ್ಲ, ಒಳಗಿನ ಆಮ್ಲಜನಕ ಖರ್ಚಾಗಿ ಒತ್ತಡ ಇನ್ನೂ ಇಳಿಯುತ್ತೆ. ಭಾನುವಾರ ನಂದಿ ಬೆಟ್ಟಕ್ಕೆ ಕರ್ಕೊಂಡು ಹೋಗೋ ಪ್ಲಾನೂ ಈಗ ಬಿಡಿ. ಮೇಲೆ 1478 ಮೀಟರ್. ಗಾಳೀಲಿ ಆಮ್ಲಜನಕ ಅಲ್ಲೂ ಶೇಕಡಾ 21ನೇ, ಆದ್ರೆ ಗಾಳಿಯ ಒತ್ತಡವೇ ಕಮ್ಮಿ. ನಮಗೆ ಅದು ಗೊತ್ತೇ ಆಗಲ್ಲ, ಅವರಿಗೆ ಆಗುತ್ತೆ. ಡಾಕ್ಟ್ರನ್ನ ಕೇಳಿ ಆಮೇಲೆ ನೋಡೋಣ.

ಡಾಕ್ಟ್ರು ಆಕ್ಸಿಜನ್ ಬರೆದ್ರೆ ಅದು ಕಲೆ ವಾಸಿ ಮಾಡಲ್ಲ, ಗಾಳಿಚೀಲದ ಕಡೆ ಒತ್ತಡ ಏರಿಸಿ ದಪ್ಪ ಪೊರೆ ದಾಟಿಸುತ್ತೆ. ಎಷ್ಟು ಲೀಟರ್ ಅಂತ ಬರೀತಾರೋ ಅಷ್ಟೇ ಇಡಬೇಕು, ದೇವರ ದೀಪದ ಹತ್ರ, ಒಲೆ ಹತ್ರ ಅಂತೂ ಬೇಡವೇ ಬೇಡ. ಇನ್ನೊಂದು, ಸಿಲಿಕೋಸಿಸ್ ಇದ್ದೋರಿಗೆ ಕ್ಷಯ ಬೇಗ ಅಂಟುತ್ತೆ, ಕಫ ಪರೀಕ್ಷೆ ಆಗಿದೆಯಾ ಕೇಳು.

ಮನೇಲಿ ಅವರನ್ನ ಒಬ್ಬರನ್ನೇ ನಡೆಸಿ ನೋಡಬೇಡಿ. ಆಸ್ಪತ್ರೆ ಕಾರಿಡಾರಲ್ಲಿ 6 ನಿಮಿಷ ನಡೆಸಿ, ಬೆರಳಿಗೆ ಆಕ್ಸಿಮೀಟರ್ ಹಾಕ್ಕೊಂಡೇ ನೋಡೋ ಪರೀಕ್ಷೆ ಇದೆ. ಗುರುವಾರ ನಂಗೆ ರಜ. ಬೆಳಿಗ್ಗೆ ಬಸ್ಸಿಗೆ ಹೊರಟು ಶಿಡ್ಲಘಟ್ಟಕ್ಕೆ ಬರ್ತೀನಿ, ಆ ಪರೀಕ್ಷೆಗೆ ನಾನೇ ಕರ್ಕೊಂಡು ಹೋಗ್ತೀನಿ. ದೊಡ್ಡಪ್ಪಾ, ನೀವು ನಿಧಾನಕ್ಕೆ ನಡೀರಿ, ಎಲ್ಲಿ ಬೇಕೋ ಅಲ್ಲಿ ಕೂತ್ಕೊಳಿ, ನಾನು ಪಕ್ಕದಲ್ಲೇ ಇರ್ತೀನಿ.