ಹುಲ್ಲಿಗೂ ಉಸಿರುಗಟ್ಟುತ್ತದಂತೆ

ಕೊಟ್ರೇಶಿ ಹೊಸ ಚಪ್ಪಲಿ ತರಿಸಿದ್ದ. ಅಡಿಯಲ್ಲಿ ಎರಡೆರಡು ಇಂಚಿನ ಮೊಳೆ. ಬೂಟಿನ ಮೇಲೆ ಅದನ್ನು ಬಿಗಿದುಕೊಂಡು ಲಾನಿನ ನಡುವೆ ನಿಂತಿದ್ದ. ಮೇ ತಿಂಗಳ ದಾವಣಗೆರೆ ಮಣ್ಣು, ಮೊಳೆ ಇಳಿಯುತ್ತದಾ? ಎರಡು ಇಂಚು ಎತ್ತರವಾಗಿದ್ದ ಅಷ್ಟೇ.

ನಾವು ಕಟ್ಟೆಯ ಮೇಲೆ ಮಂಡಕ್ಕಿ, ಮಿರ್ಚಿ ಹರಡಿಕೊಂಡು ಕೂತಿದ್ದೆವು. ಲಾನಿನ ಮೇಲೆ ಕೂರಲು ನಮಗೆ ಗೃಹಪ್ರವೇಶದಿಂದಲೂ ಪರ್ಮಿಷನ್ ಇಲ್ಲ.

"ಮುಳ್ಳಾವುಗೆ ಉಲ್ಟಾ ಹಾಕಿಕೊಂಡಿದ್ದೀಯಲ್ಲೋ" ಅಂದ ಮಂಜಣ್ಣ. "ಸ್ವಾಮಿಗಳಿಗೆ ಮುಳ್ಳು ಮೇಲಿರುತ್ತದೆ."

"ಏರೇಷನ್ ಇದು. ಲಾನಿಗೆ ಗಾಳಿ ಕೊಡಬೇಕು. ಇಲ್ಲದಿದ್ದರೆ ಬೇರಿಗೆ ಉಸಿರುಗಟ್ಟುತ್ತದೆ."

"ಚುಚ್ಚಿದರೆ ಗಾಳಿ ಹೋಗುತ್ತದೆ ಅಂತ ಗೊತ್ತಿತ್ತು. ಚುಚ್ಚಿ ಗಾಳಿ ತುಂಬೋದು ಇವತ್ತೇ ನೋಡಿದ್ದು."

ತಿಪ್ಪೇಶ ಮಿರ್ಚಿ ಕೈಯಲ್ಲಿ ಹಿಡಿದೇ ನಕ್ಕ. ಮೇಷ್ಟ್ರು ನಗಲಿಲ್ಲ. ಪಾಠಕ್ಕೆ ಜಾಗ ಸಿಕ್ಕಿತ್ತು.

"ಅವನು ಹೇಳೋದು ಸರಿ. ಮಣ್ಣಿನ ಸಣ್ಣ ಸಣ್ಣ ಸಂದಿನಲ್ಲೇ ಗಾಳಿ, ನೀರು ಓಡಾಡೋದು. ಮೇಲಿಂದ ಒತ್ತಡ ಬಿದ್ದರೆ ಸಂದು ಮುಚ್ಚುತ್ತದೆ. ಆಮೇಲೆ ನೀರು ಬಿಟ್ಟರೂ ಇಳಿಯಲ್ಲ, ಗೇಟಿನ ಕಡೆ ಹರಿಯುತ್ತದೆ. ಬೇರು ಮೇಲೇ ಉಳಿದು ಬಿಸಿಲಿಗೆ ಹುಲ್ಲು ಹಳದಿಯಾಗುತ್ತದೆ."

"ಒತ್ತಡ ಹಾಕಿದ್ದು ಯಾರು ಸ್ವಾಮಿ? ನಮ್ಮನ್ನಂತೂ ಕಾಲಿಡೋಕೆ ಬಿಟ್ಟಿಲ್ಲ."

ಕೊಟ್ರೇಶಿ ಬಾಯಿ ಬಿಟ್ಟ. ಮನೆ ಕಟ್ಟುವಾಗ ಇಟ್ಟಿಗೆ ಟ್ರ್ಯಾಕ್ಟರ್ ನಿಲ್ಲುತ್ತಿದ್ದದ್ದು ಅಲ್ಲೇ. ಆಮೇಲೆ ಕೆಂಪು ಮಣ್ಣು ಹಾಸಿ, ಸಮತಟ್ಟಾಗಲಿ ಅಂತ ರೋಲರ್ ಎಳೆಸಿದ್ದ.

"ಅಂದರೆ ಮಣ್ಣು ಒತ್ತೋಕೆ ಒಂದು ಬಿಲ್ಲು, ಒತ್ತಿದ್ದನ್ನು ಬಿಡಿಸೋಕೆ ಇನ್ನೊಂದು ಬಿಲ್ಲು! ರಸ್ತೆಗೆ ಟಾರು ಹಾಕಿ ಮಾರನೇ ದಿನ ಪೈಪಿಗೆ ಅಗೆದರೆ ಮಾತ್ರ ಕೂಗಾಡ್ತೀಯ."

"ಈ ಲಾನ್ ಹುಚ್ಚು ಹತ್ತಿಸಿದ್ದೇ ಇಂಗ್ಲೆಂಡಿನವರು" ಅಂತ ಮೇಷ್ಟ್ರು ಬೇರೆ ದಾರಿ ಹಿಡಿದರು. "1830ರಲ್ಲಿ ಎಡ್ವಿನ್ ಬಡಿಂಗ್ ಅನ್ನೋನು ಹುಲ್ಲು ಕತ್ತರಿಸುವ ಯಂತ್ರ ಮಾಡಿದ. ಬಟ್ಟೆ ಮಿಲ್ಲಿನಲ್ಲಿ ಜುಂಗು ಕತ್ತರಿಸುವ ಯಂತ್ರ ನೋಡಿ ಹೊಳೆದದ್ದಂತೆ."

"ನಮ್ಮೂರಲ್ಲೂ ಅಷ್ಟು ಕಾಟನ್ ಮಿಲ್ಲುಗಳಿದ್ದವಲ್ಲ" ಅಂದ ಮಂಜಣ್ಣ. "ಮಿಲ್ಲು ಮುಚ್ಚಿದವು. ಹುಲ್ಲಿನ ಯಂತ್ರ ಬಂತು."

ಅವನಪ್ಪ ಮಿಲ್ಲಿನಲ್ಲಿದ್ದವರು. ಸ್ವಲ್ಪ ಹೊತ್ತು ಬರೀ ಮಂಡಕ್ಕಿ ಸದ್ದು.

ಮೇಷ್ಟ್ರೇ ಮತ್ತೆ ಹಳಿಗೆ ಬಂದರು. "ಈ ಚಪ್ಪಲಿ ಬಿಚ್ಚಿಡು ಕೊಟ್ರೇಶಿ. ಮೊಳೆ ಚುಚ್ಚಿದರೆ ಮಣ್ಣು ಪಕ್ಕಕ್ಕೆ ಸರಿದು ಇನ್ನೂ ಒತ್ತಾಗುತ್ತದೆ. ಚುಚ್ಚೋದಲ್ಲ, ಮಣ್ಣನ್ನೇ ಹೊರಗೆ ತೆಗೆಯಬೇಕು. ಟೊಳ್ಳು ಕೊಳವೆಯಿಂದ ಬೆರಳು ಗಾತ್ರದ ತೂತು, ಎರಡು ಮೂರು ಇಂಚು ಆಳ. ತೆಗೆದ ಮಣ್ಣು ಅಲ್ಲೇ ಬಿದ್ದಿರಲಿ, ಮಳೆಗೆ ಕರಗುತ್ತದೆ. ಮೇಲೆ ಮರಳು, ಗೊಬ್ಬರ ಉದುರಿಸು."

"ಲಾನ್ ತುಂಬ ನಾಯಿ ಕಕ್ಕ ಮಾಡಿದ ಹಾಗೆ ಕಾಣಲ್ವಾ?" ತಿಪ್ಪೇಶ ಕೇಳಿದ.

"ಕಾಣುತ್ತದೆ. ಒಂದೆರಡು ವಾರ."

ಕೊಟ್ರೇಶಿ ಮುಖ ಹುಳ್ಳಗಾಯಿತು. ಮುಂದಿನ ವಾರ ಬೀಗರು ಬರುವವರಿದ್ದರು. "ಸೆಪ್ಟೆಂಬರಿನಲ್ಲಿ ಮಾಡಿ ಅಂತ ಒಂದು ವಿಡಿಯೋ ಹೇಳುತ್ತದೆ. ಹಂಗೇ ಮಾಡಲಾ?"

"ಅದು ಚಳಿ ದೇಶದ ಹುಲ್ಲಿಗೆ. ನಿನ್ನದು ಬೆಚ್ಚಗಿದ್ದಾಗ ಚಿಗುರುವ ಜಾತಿ. ಚಿಗುರುವ ಕಾಲದಲ್ಲಿ ತೂತು ಹಾಕಿದರೆ ಗಾಯ ಬೇಗ ಮುಚ್ಚುತ್ತದೆ. ಈಗ ಬೇಡ. ಮೃಗಶಿರ ಮಳೆ ಆಗಲಿ, ಹದ ಬರಲಿ. ಸ್ಕ್ರೂಡ್ರೈವರ್ ಒತ್ತಿ ನೋಡು. ಸಲೀಸಾಗಿ ಇಳಿದರೆ ಹದ. ಕೆಸರಾಗಿದ್ದರೆ ಮುಟ್ಟಬೇಡ."

"ಯಾವ ಹುಲ್ಲಪ್ಪ ಅಷ್ಟು ನಾಜೂಕಿಂದು?" ಅಂದ ಮಂಜಣ್ಣ.

"ಬರ್ಮುಡಾ."

"ಗರಿಕೆ" ಅಂದರು ಮೇಷ್ಟ್ರು. "ಎರಡೂ ಒಂದೇ."

ಬಾಗಿಲಲ್ಲಿ ಕೂತಿದ್ದ ಹಾಲಪ್ಪಜ್ಜನ ಕಿವಿ ನೆಟ್ಟಗಾಯಿತು. "ಗರಿಕೆನಾ? ದುಡ್ಡು ಕೊಟ್ಟು ತಂದೆಯೇನೋ? ನಾನೂ ನಿಮ್ಮವ್ವನೂ ಅದನ್ನು ಕಿತ್ತು ಕಿತ್ತೇ ಬೆನ್ನು ಬಗ್ಗಿಸಿಕೊಂಡೆವು. ಒಂದು ಗೆಣ್ಣು ಉಳಿದರೂ ಮಳೆ ಬಿದ್ದೊಡನೆ ಹೊಲ ತುಂಬ ಹಬ್ಬುತ್ತಿತ್ತು."

"ಅಜ್ಜಾರೇ, ಗಣಪತಿಗೆ 21 ಸಾಕು. ನಿಮ್ಮ ಮಗನಿಗೆ ಲೆಕ್ಕ ಚದರಡಿಯಲ್ಲಿ" ಅಂದ ಮಂಜಣ್ಣ.

ಅಷ್ಟರಲ್ಲಿ ತಿಪ್ಪೇಶ ಮನೆ ಕಟ್ಟಿದಾಗ ಉಳಿದಿದ್ದ ಒಂದು ಪೈಪಿನ ತುಂಡು ಹುಡುಕಿ ತಂದಿದ್ದ. ನಲ್ಲಿ ಸೋರುವ ಮೂಲೆಯಲ್ಲಿ ಮಣ್ಣು ಹದವಾಗಿತ್ತು. ಅಲ್ಲಿ ಪೈಪಿಟ್ಟು, ಮೇಲೆ ಮರದ ತುಂಡು ಇಟ್ಟು ನಾಲ್ಕು ಪೆಟ್ಟು ಹೊಡೆದು ಎಳೆದ. ಕಡ್ಡಿಯಿಂದ ನೂಕಿದರೆ ಮೂರು ಇಂಚಿನ ಮಣ್ಣಿನ ಬತ್ತಿ ಹೊರಬಂತು. ಮೇಲೆ ಬೇರಿನ ಜಡೆ, ಕೂದಲಷ್ಟು ತೆಳ್ಳಗೆ. ಅದರ ಕೆಳಗೆ ಕೆಂಪು ಮಣ್ಣು, ಒಂದು ಚೂರು ಸಿಮೆಂಟು. ಕೊನೆಗೆ ಕಪ್ಪು.

"ಅರ್ಧ ಅಡಿ ಕೆಂಪು ಮಣ್ಣಿಗೆ ದುಡ್ಡು ಎಣಿಸಿದ್ದೆನಲ್ಲೋ! ಎರಡು ಇಂಚೂ ಇಲ್ಲ" ಅಂತ ಕೊಟ್ರೇಶಿ ತಲೆ ಮೇಲೆ ಕೈ ಹೊತ್ತ. ಏರೇಷನ್‌ನಿಂದ ಅವನಿಗೆ ಆದ ಮೊದಲ ಲಾಭ ಇದು.

ಅಜ್ಜ ಎದ್ದು ಬಂದು ಕಪ್ಪು ತುದಿಯನ್ನು ಮುರಿದು ಬೆರಳಲ್ಲಿ ಉಜ್ಜಿದರು. "ಎರೆಮಣ್ಣು" ಅಂದರು. "ಇಲ್ಲೆಲ್ಲ ಹೊಲ ಇತ್ತಲ್ಲ. ಈ ಮಣ್ಣಿಗೆ ಗಾಳಿ ಯಾರೂ ಕೊಡಬೇಕಾಗಿರಲಿಲ್ಲ. ಬೇಸಿಗೆ ಬಂದರೆ ತಾನೇ ಬಿರಿಯುತ್ತಿತ್ತು, ಮೊಣಕೈ ತನಕ ಇಳಿಯುವಂಥ ಬಿರುಕು. ಮೇಲಿನ ಮಣ್ಣು ಒಳಗೆ ಉದುರಿ ತನ್ನನ್ನು ತಾನೇ ಉಳುತ್ತಿತ್ತು. ಮಿಕ್ಕಿದ್ದಕ್ಕೆ ಸಾಲಿನ ನಡುವೆ ಎಳೆಯೋ ಎಡೆಕುಂಟೆ ಇತ್ತು."

ಮೇಷ್ಟ್ರು ತಲೆಯಾಡಿಸಿದರು. ಅವರ ಪಾಠ ಮುಗಿದುಹೋಗಿತ್ತು.

ತಿಪ್ಪೇಶನಿಗೆ ಮಾತ್ರ ಆಟ ಹತ್ತಿತ್ತು. ಮೂರು ಮೂರು ಇಂಚಿಗೆ ಒಂದರಂತೆ ಮೂಲೆ ಪೂರ್ತಿ ತೂತು ಮಾಡಿದ. ಅಜ್ಜ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಇಷ್ಟು ಒತ್ತಾಗಿ ಹಾಕಬೇಡ್ರೋ. ಮೆಕ್ಕೆಜೋಳಕ್ಕೆ ಸಾಲಿನಿಂದ ಸಾಲಿಗೆ ಎರಡು ಅಡಿ ಬೇಕು."

"ಅಪ್ಪಾ, ಇದು ಬಿತ್ತೋಕಲ್ಲ."

"ಮತ್ಯಾಕೆ?"

ಕೊಟ್ರೇಶಿ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಮಂಡಕ್ಕಿಯಲ್ಲಿ ಶೇಂಗಾ ಹುಡುಕುತ್ತಿದ್ದರು.

"ಬೀಜ ಎಲ್ಲಿಟ್ಟಿದ್ದೀರಿ ಅಜ್ಜಾರೇ?" ಅಂತ ಮಂಜಣ್ಣ ಎದ್ದೇ ಬಿಟ್ಟ.